ಗೆದ್ದ ಜೋಡಿ, ಹಿಂದಿನಿಂದ ಹೆಣೆದ ಕಥೆ

2014ರ ಫುಟ್‌ಬಾಲ್ ವಿಶ್ವಕಪ್ ಗೆದ್ದ ಜರ್ಮನಿಯ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. ಕೋಚ್ ಯೋಕಿಂ ಲೋ ಮೊದಲ ನಾಲ್ಕು ಪಂದ್ಯಗಳಲ್ಲಿ ನಾಯಕ ಫಿಲಿಪ್ ಲಾಮ್ ಅವರನ್ನು ಮಿಡ್‌ಫೀಲ್ಡಿನಲ್ಲಿ ಆಡಿಸಿ ತಪ್ಪು ಮಾಡಿದರು, ಕ್ವಾರ್ಟರ್‌ಫೈನಲ್ ಹೊತ್ತಿಗೆ ಅವರನ್ನು ರೈಟ್‌ಬ್ಯಾಕ್ ಜಾಗಕ್ಕೆ ಮರಳಿಸಿ, ನಡುವೆ ಖೆದಿರಾ–ಶ್ವಾಯ್ನ್‌ಸ್ಟೈಗರ್ ಜೋಡಿಯನ್ನು ಇಳಿಸಿದರು, ಕಪ್ ಬಂತು. ನಾನೂ ಬಹುಕಾಲ ಇದನ್ನೇ ನಂಬಿದ್ದೆ. ಈಚೆಗೆ ಆ ಪಂದ್ಯಗಳನ್ನು ಸಾಲಾಗಿ ಮತ್ತೆ ನೋಡಿದೆ. ಕಥೆ ಸಡಿಲವಾಯಿತು.

ಮೊದಲ ಪಂದ್ಯದಲ್ಲಿ ಪೋರ್ಚುಗಲ್ಲನ್ನು 4–0ರಿಂದ ಸೋಲಿಸಿದ್ದು ಆ ‘ತಪ್ಪು’ ತಂಡವೇ. ಖೆದಿರಾ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಆಗಷ್ಟೇ ಮರಳಿದ್ದರು. ಶ್ವಾಯ್ನ್‌ಸ್ಟೈಗರ್ ಕೂಡ ಗಾಯದಿಂದ ಚೇತರಿಸಿಕೊಳ್ಳುತ್ತಿದ್ದರು. ಮೊದಲೆರಡು ಪಂದ್ಯಗಳನ್ನು ಒಬ್ಬರು ಆರಂಭಿಸಿದರೆ ಮುಂದಿನೆರಡನ್ನು ಇನ್ನೊಬ್ಬರು. ಇಬ್ಬರ ಅರೆಬರೆ ಕಾಲುಗಳಿಗೆ ಲಾಮ್ ಊರುಗೋಲಾಗಿದ್ದರು ಎಂದೂ ಇದನ್ನು ಓದಬಹುದು.

ಬದಲಾವಣೆಯಾದರೂ ಹೇಗೆ ಬಂತು? ಅಲ್ಜೀರಿಯಾದ ಆಟಗಾರರು ಜರ್ಮನಿಯ ರಕ್ಷಣಾ ಸಾಲಿನ ಬೆನ್ನ ಹಿಂದಕ್ಕೆ ಚೆಂಡು ಹಾಕಿ ಓಡುತ್ತಿದ್ದರು. ಗೋಲ್‌ಕೀಪರ್ ನಾಯರ್ ಪೆನಾಲ್ಟಿ ಬಾಕ್ಸಿನಿಂದ ಹೊರಗೋಡಿ ಬಂದು ತಡೆಯಬೇಕಾಯಿತು. 70ನೇ ನಿಮಿಷದಲ್ಲಿ ಮುಸ್ತಾಫಿ ಗಾಯಗೊಂಡರು. ಖೆದಿರಾ ಒಳಬಂದರು, ಲಾಮ್ ಬಲಬದಿಗೆ ಸರಿದರು. ಅಂದರೆ ಆ ಜೋಡಿ ಮೊದಲು ಕೂಡಿದ್ದು ಒಂದು ಗಾಯದ ನೆಪದಲ್ಲಿ.

ಆಕಸ್ಮಿಕವಾಗಿ ಕಂಡದ್ದನ್ನು ಉಳಿಸಿಕೊಂಡದ್ದು ಲೋ ಅವರ ಜಾಣ್ಮೆ. ಪೊಗ್ಬಾ, ಮಟುಯಿಡಿಯಂಥ ಓಟಗಾರರಿದ್ದ ಫ್ರಾನ್ಸ್ ಎದುರು ಚೆಂಡನ್ನು ಜತನದಿಂದ ದಾಟಿಸುವವರಿಗಿಂತ ಮೈಯೊಡ್ಡಿ ಓಡುವವರು ಬೇಕಿತ್ತು. ಬ್ರೆಜಿಲ್ ಎದುರು ಅದೇ ಖೆದಿರಾ ಬೇರೆಯೇ ಆಟಗಾರನಂತೆ ಕಾಣುತ್ತಾರೆ. ಫರ್ನಾಂಡಿನ್ಯೊ ಕಾಲಿನಿಂದ ಕ್ರೂಸ್ ಚೆಂಡು ಕಸಿದು ಖೆದಿರಾಗೆ ಕೊಟ್ಟರು, ಮರಳಿ ಪಡೆದು ಗೋಲು ಹೊಡೆದರು; ಮೂರೇ ನಿಮಿಷಕ್ಕೆ ಖೆದಿರಾ ತಾವೇ ಹೊಡೆದರು. ಪಂದ್ಯ 7–1. ಜೋಡಿ ಬದಲಾಗಿರಲಿಲ್ಲ, ಎದುರಾಳಿ ಬಿಟ್ಟುಕೊಟ್ಟ ಬಯಲು ಬದಲಾಗಿತ್ತು.

ಕಥೆಯನ್ನು ಪೂರ್ತಿ ಮುರಿಯುವುದು ಫೈನಲ್. ಅಭ್ಯಾಸದ ವೇಳೆ ನೋವಾಗಿ ಖೆದಿರಾ ಆಡಲೇ ಇಲ್ಲ. ಬದಲಿಗೆ ಬಂದ ಕ್ರಾಮರ್ ತಲೆಗೆ ಪೆಟ್ಟು ಬಿದ್ದು ಅರ್ಧ ಗಂಟೆಯಲ್ಲೇ ಹೊರನಡೆದರು. ಆಗ ಇಳಿದ ಶ್ಯುರ್ಲೆ ಮಿಡ್‌ಫೀಲ್ಡರೇ ಅಲ್ಲ. 113ನೇ ನಿಮಿಷದಲ್ಲಿ ಗ್ಯೋಟ್ಸ ಹೊಡೆದ ಗೋಲಿಗೆ ಚೆಂಡು ಒದಗಿಸಿದ್ದು ಅವರೇ. ‘ಕಪ್ ಗೆದ್ದ ಜೋಡಿ’ ಕಪ್ಪಿನ ಪಂದ್ಯದಲ್ಲಿ ಇರಲೇ ಇಲ್ಲ.

ಇದು ನನ್ನನ್ನು ಕಾಡಲು ಕಾರಣವಿದೆ. ನನ್ನ ಪಿಎಚ್‌.ಡಿ. ಪ್ರಬಂಧದ ಒಂದು ಅಧ್ಯಾಯದಲ್ಲಿ ಒಬ್ಬ ಲೇಖಕರ ಮೊದಲ ಕತೆಗಳನ್ನು ಅವರ ಕೊನೆಯ ದೊಡ್ಡ ಕಾದಂಬರಿಯ ತಾಲೀಮು ಎಂದು ಓದಿದ್ದೇನೆ. ಕೊನೆ ಗೊತ್ತಿದ್ದುದರಿಂದ ಆರಂಭವೆಲ್ಲ ಅರೆಕೊರೆಯಾಗಿ ಕಂಡಿತು. ಆ ಕತೆಗಳು ತಮ್ಮ ಕಾಲದಲ್ಲಿ ಯಾರಿಗೆ ಎದುರಾಗಿ ನಿಂತಿದ್ದವು ಎಂದು ನಾನು ಕೇಳಲೇ ಇಲ್ಲ. ಅಧ್ಯಾಯವನ್ನು ಮತ್ತೆ ಬರೆಯಬೇಕಿದೆ.