ಬೆಳಕಿನ ಎಳೆ ಅವರದು, ವೈಫೈ ನಮ್ಮದು

ಫೈಬರ್ ಸಂಪರ್ಕ ಕೊಡಲು ಬಂದವರು ಗೋಡೆಗೆ ತಗುಲಿಹಾಕಿ ಹೋಗುವ ಪೆಟ್ಟಿಗೆಯನ್ನು ನಾವೆಲ್ಲ ರೂಟರ್ ಎಂದೇ ಕರೆಯುತ್ತೇವೆ. ಮಲಗುವ ಕೋಣೆಗೆ ವೈಫೈ ಬರದಿದ್ದರೆ ಅದರದೇ ತಪ್ಪು, ಸಂಜೆ ಹೊತ್ತು ಟಿವಿ ನಿಂತು ನಿಂತು ಬಂದರೂ ಅದರದೇ ತಪ್ಪು. ಅದನ್ನು ಕಿತ್ತುಹಾಕಿ ಒಳ್ಳೆಯದೊಂದು ತಂದರೆ ಎಲ್ಲ ಸರಿಹೋದೀತೆಂದು ಬೆಂಗಳೂರಿನ ಎಸ್‌.ಪಿ. ರಸ್ತೆಗೋ ಆನ್‌ಲೈನ್ ಅಂಗಡಿಗೋ ಹೊರಡುವವರು ಬಹಳ ಮಂದಿ. ಹೊರಡುವ ಮುಂಚೆ ತಿಳಿದಿರಬೇಕಾದದ್ದೊಂದಿದೆ: ಆ ಪೆಟ್ಟಿಗೆಯೊಳಗೆ ಇರುವುದು ಒಂದು ಯಂತ್ರವಲ್ಲ, ಮೂರು. ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಒಎನ್‌ಟಿ ಒಂದು. ಮನೆಯ ಸಾಧನಗಳಿಗೆಲ್ಲ ವಿಳಾಸ ಹಂಚಿ ಹೊರಗಿನ ಜಾಲದೊಡನೆ ವ್ಯವಹರಿಸುವ ನಿಜವಾದ ರೂಟರ್ ಇನ್ನೊಂದು. ಕೋಣೆಕೋಣೆಗೆ ಅಲೆ ಬಿಡುವ ವೈಫೈ ರೇಡಿಯೊ ಮತ್ತೊಂದು. ಮೊದಲನೆಯದು ಕಂಪನಿಯ ಹೊಣೆಯಾಗಿಯೇ ಇರಲಿ, ಕೊನೆಯದು ಮನೆಯವರದೇ ಆಗಬೇಕು, ನಡುವಿನದನ್ನು ಮನೆಗೆ ಟಿವಿ ಯಾವ ದಾರಿಯಲ್ಲಿ ಬರುತ್ತಿದೆ ಎಂದು ನೋಡಿ ತೀರ್ಮಾನಿಸಬೇಕು ಎಂಬುದು ನನ್ನ ವಾದ.

ಒಎನ್‌ಟಿಯನ್ನು ಯಾಕೆ ಮುಟ್ಟಬಾರದು? ನಮ್ಮಲ್ಲಿ ಮನೆ ಫೈಬರ್‌ಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಜಿಪಾನ್ ಎಂಬ ವ್ಯವಸ್ಥೆ. ಕೇಂದ್ರದಿಂದ ಹೊರಟ ಒಂದೇ ಗಾಜಿನ ಎಳೆ ಬೀದಿಯ ಸ್ಪ್ಲಿಟರ್‌ನಲ್ಲಿ ಕವಲೊಡೆದು 32 ಅಥವಾ 64 ಮನೆಗಳನ್ನು ಮುಟ್ಟುತ್ತದೆ. ಆ ಸ್ಪ್ಲಿಟರ್‌ಗೆ ಕರೆಂಟು ಬೇಡ, ಅದಕ್ಕೆ ಯಾವ ತಿಳಿವಳಿಕೆಯೂ ಇಲ್ಲ, ಬೆಳಕನ್ನು ಹಂಚುವುದಷ್ಟೇ ಅದರ ಕೆಲಸ. ಮನೆಗಳತ್ತ ಬರುವ ಬೆಳಕಿನ ತರಂಗಾಂತರ 1490 ನ್ಯಾನೊಮೀಟರ್, ಮನೆಗಳಿಂದ ಹೋಗುವುದು 1310. ಬರುವ ದಾರಿಯಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಹೋಗುವ ದಾರಿಯಲ್ಲಿ 1.25. ಇದು ಒಂದು ಮನೆಯದಲ್ಲ, ಇಡೀ ಗುಂಪಿನ ಪಾಲು. ಹೋಗುವ ದಾರಿಯಲ್ಲಿ ಎಲ್ಲ ಮನೆಗಳೂ ಒಂದೇ ಎಳೆಯನ್ನು ಬಳಸುವುದರಿಂದ ಕೇಂದ್ರದ ಓಎಲ್‌ಟಿ ಎಂಬ ಯಂತ್ರ ಪ್ರತಿ ಒಎನ್‌ಟಿಗೂ ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ ಸರದಿ ಕೊಡುತ್ತದೆ. ಒಂದೇ ಒಂದು ಒಎನ್‌ಟಿ ಕೆಟ್ಟು, ಸರದಿ ಮೀರಿ ಬೆಳಕು ಬಿಡತೊಡಗಿದರೆ ಆ ಗುಂಪಿನ ಉಳಿದ ಮನೆಗಳ ಸಂಪರ್ಕವೂ ಕೆಡುತ್ತದೆ. ಅಕ್ಕಪಕ್ಕದವರ ಇಂಟರ್ನೆಟ್ ಕೆಡಿಸಬಲ್ಲ ಯಂತ್ರದ ಹೊಣೆ, ಅದನ್ನು ಕೇಂದ್ರದಲ್ಲಿ ಕೂತು ಗಮನಿಸಬಲ್ಲವರ ಕೈಯಲ್ಲಿರುವುದು ನ್ಯಾಯ. ಲ್ಯಾಂಡ್‌ಲೈನ್ ಫೋನಿನ ಪಿನ್ನು ಸಿಕ್ಕಿಸುವುದೂ ಅನೇಕ ಮನೆಗಳಲ್ಲಿ ಇದೇ ಪೆಟ್ಟಿಗೆಗೆ. ಅದನ್ನು ತೆಗೆದರೆ ಫೋನೂ ಹೋಗುತ್ತದೆ.

ವೈಫೈ ಹಾಗಲ್ಲ. ಅದು ಹೆಚ್ಚುಕಡಿಮೆ ನಮ್ಮ ನಾಲ್ಕು ಗೋಡೆಗಳ ಒಳಗಿನ ವ್ಯವಹಾರ, ಅದು ಕೆಟ್ಟರೆ ಕಷ್ಟ ನಮಗೆ ಮಾತ್ರ. ಅದಕ್ಕಿಂತ ಮುಖ್ಯವಾದ ಮಾತು ಜಾಗದ್ದು. ಫೈಬರ್ ಎಳೆದವರು ಪೆಟ್ಟಿಗೆಯನ್ನು ಇಡುವುದು ತಂತಿ ಮನೆಯೊಳಗೆ ಬರುವ ಕಡೆ: ಬಾಗಿಲ ಮೂಲೆ, ಬಾಲ್ಕನಿಯ ಪಕ್ಕ, ಕೆಲವೊಮ್ಮೆ ಶೂ ಸ್ಟ್ಯಾಂಡಿನ ಮೇಲೆ. ಹಸಿರು ತುದಿಯ ಆ ತೆಳ್ಳನೆಯ ತಂತಿಯನ್ನು ಬೇಕೆಂದಲ್ಲಿ ಮಡಚಿ ಎಳೆಯಲಾಗದು, ಆದ್ದರಿಂದ ಒಎನ್‌ಟಿಗೆ ಆ ಜಾಗವೇ ಸರಿ. ವೈಫೈಗೆ ಮಾತ್ರ ಅದಕ್ಕಿಂತ ಕೆಟ್ಟ ಜಾಗ ಬೇರೆ ಇಲ್ಲ, ಅರ್ಧ ಅಲೆ ರಸ್ತೆಗೆ ಹೋಗುತ್ತದೆ. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ, 2.4ರದ್ದು ದೂರ ಹೋಗುತ್ತದೆ, ಆದರೆ ಅಪಾರ್ಟ್‌ಮೆಂಟುಗಳಲ್ಲಿ ಅಕ್ಕಪಕ್ಕದವರ ವೈಫೈಗಳ ನಡುವೆ ಇಕ್ಕಟ್ಟಿಗೆ ಸಿಕ್ಕುತ್ತದೆ. ಬೆಂಗಳೂರಿನ ಹಳೇ ಬಡಾವಣೆಗಳ ಸೈಜುಗಲ್ಲಿನ ಗೋಡೆ, ಕರಾವಳಿಯ ಕೆಂಪುಕಲ್ಲಿನ ಗೋಡೆ, ಎಲ್ಲೆಡೆಯ ಆರ್‌ಸಿಸಿ ತಾರಸಿ ಇವನ್ನು ದಾಟಿ ಮಹಡಿಯ ಕೋಣೆಗೆ ಹೋಗು ಎಂದು ಬಾಗಿಲ ಮೂಲೆಯ ಪೆಟ್ಟಿಗೆಗೆ ಹೇಳುವುದು ಅನ್ಯಾಯ. ಎರಡು ಯಂತ್ರಗಳು ಬೇರೆಯಾದರೆ ಈ ಸಮಸ್ಯೆಯೇ ಇರುವುದಿಲ್ಲ. ಒಎನ್‌ಟಿ ಇದ್ದಲ್ಲೇ ಇರುತ್ತದೆ, ಅಲ್ಲಿಂದ ಒಂದು ಕ್ಯಾಟ್ 6 ಕೇಬಲ್ ಎಳೆದರೆ 100 ಮೀಟರ್‌ವರೆಗೂ ವೇಗ ಕುಂದದೆ ಹೋಗುತ್ತದೆ, ವೈಫೈ ಮನೆಯ ನಡುಮಧ್ಯಕ್ಕೆ ಬರುತ್ತದೆ. ನನ್ನ ದೃಷ್ಟಿಯಲ್ಲಿ ಹೊಸ ರೂಟರಿನಲ್ಲಿ ಎಷ್ಟು ಆಂಟೆನಾ ಇದೆ, ಅದು ವೈಫೈ 6 ಹೌದೋ ಅಲ್ಲವೋ ಎಂಬುದೆಲ್ಲ ಈ ಜಾಗದ ಪ್ರಶ್ನೆಯ ಮುಂದೆ ಎರಡನೆಯ ಮಾತು.

ಹಾಗಂತ ಅಳತೆ ಮಾಡದೆ ದುಡ್ಡು ಖರ್ಚು ಮಾಡಬಾರದು. ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ಕಂಪನಿಯ ಪೆಟ್ಟಿಗೆಗೇ ಜೋಡಿಸಿ ವೇಗ ನೋಡಿ. ಅಲ್ಲಿ ಪೂರ್ತಿ ವೇಗ ಬಂದು ಕೋಣೆಯಲ್ಲಿ ಮಾತ್ರ ಬರದಿದ್ದರೆ ದೋಷ ವೈಫೈಯದು. ಕೇಬಲ್‌ನಲ್ಲೂ ಬರದಿದ್ದರೆ ಎಂಥ ರೂಟರ್ ತಂದರೂ ಪ್ರಯೋಜನವಿಲ್ಲ. 200 ಎಂಬಿಪಿಎಸ್ ಪ್ಲ್ಯಾನಿಗೆ ಸರಿಯಾಗಿ 94ರ ಆಸುಪಾಸಿನಲ್ಲೇ ವೇಗ ನಿಂತುಬಿಟ್ಟಿದ್ದರೆ ಸಾಮಾನ್ಯವಾಗಿ ಕಾರಣ ಬೇರೆ: ನೀವು ಸಿಕ್ಕಿಸಿದ್ದು 100 ಎಂಬಿಪಿಎಸ್‌ನ ಹಳೇ ಪೋರ್ಟು, ಇಲ್ಲವೇ ಕೇಬಲ್‌ನ ಎಂಟು ಎಳೆಗಳಲ್ಲಿ ಯಾವುದೋ ಒಂದು ಕಚ್ಚಿಕೊಂಡಿಲ್ಲ. ಎಲ್‌ಒಎಸ್ ದೀಪ ಕೆಂಪಗಾಗಿದ್ದರೆ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ಬೆಳಕಿನ ಬಲವೂ ಕಾಣುತ್ತದೆ. ಅದು ಮೈನಸ್ 27 ಡಿಬಿಎಂಗಿಂತ ಕೆಳಗೆ ಇಳಿದಿದ್ದರೆ ಕಂಪನಿಗೆ ದೂರು ಕೊಡುವುದೊಂದೇ ದಾರಿ.

ಇನ್ನು ಟಿವಿ. ರೂಟರ್ ಬದಲಾಯಿಸಿದವರು ಹೆಚ್ಚಾಗಿ ಎಡವುವುದು ಇಲ್ಲೇ. ಆ್ಯಪ್‌ಗಳಲ್ಲಿ ಬರುವ ಟಿವಿಗೆ ಯಾವ ರೂಟರ್ ಆದರೂ ಒಂದೇ, ಅದು ಬೇರೆ ಯಾವುದೇ ವಿಡಿಯೊದಂತೆ ಬರುತ್ತದೆ. ಛತ್ರಿ ಆಂಟೆನಾದಿಂದ ಬರುವ ಚಾನೆಲ್‌ಗಳಿಗೆ ರೂಟರ್ ಬೇಕಾಗಿಯೇ ಇಲ್ಲ. ಆದರೆ 2024ರಲ್ಲಿ ಬಿಎಸ್‌ಎನ್‌ಎಲ್‌ನ ಐಎಫ್‌ಟಿವಿ, 2025ರಲ್ಲಿ ಏರ್‌ಟೆಲ್‌ನ ಐಪಿಟಿವಿ ಬಂದ ಮೇಲೆ ಫೈಬರ್‌ನಲ್ಲೇ ಟಿವಿ ನೋಡುವ ಕಾಲ ನಮ್ಮಲ್ಲೂ ಶುರುವಾಗಿದೆ. ಯುರೋಪಿನಲ್ಲಿ ಇದು ಹಳೆಯ ಸಂಗತಿ, ಅಲ್ಲಿಂದ ಕಲಿಯಬೇಕಾದದ್ದಿದೆ. ಸ್ಪೇನಿನ ಮೊವಿಸ್ಟಾರ್ ಫೈಬರ್‌ನಲ್ಲಿ ಇಂಟರ್ನೆಟ್ ವಿಲ್ಯಾನ್ 6ರಲ್ಲಿ, ಟಿವಿ 2ರಲ್ಲಿ, ಫೋನು 3ರಲ್ಲಿ ಬರುವ ಏರ್ಪಾಡು ಪ್ರಸಿದ್ಧ. ಒಂದೇ ತಂತಿಯಲ್ಲಿ ಮೂರು ಬೇರೆ ಬೇರೆ ದಾರಿಗಳು. ಅಂಗಡಿಯಿಂದ ತಂದ ರೂಟರಿಗೆ 6 ಎಂದು ಮಾತ್ರ ತುಂಬಿದರೆ ಇಂಟರ್ನೆಟ್ ಚೆನ್ನಾಗಿಯೇ ಬರುತ್ತದೆ, ಟಿವಿ ಕತ್ತಲಾಗಿರುತ್ತದೆ. ದಾರಿ ಸರಿಮಾಡಿದ ಮೇಲೂ ಮಲ್ಟಿಕಾಸ್ಟ್ ಎಂಬ ತೊಡಕು ಉಳಿಯುತ್ತದೆ. ಒಂದು ಚಾನೆಲ್‌ನ ಒಂದೇ ಪ್ರತಿ ಹರಿದುಬರುತ್ತಿರುತ್ತದೆ, ಬೇಕಾದ ಮನೆಯ ಸೆಟ್‌ಟಾಪ್ ಬಾಕ್ಸು ಐಜಿಎಂಪಿ ಎಂಬ ಭಾಷೆಯಲ್ಲಿ ‘ನನಗೂ ಬೇಕು’ ಎಂದು ಹೇಳಿ ಸೇರಿಕೊಳ್ಳುತ್ತದೆ. ಮೇಲಿನಿಂದ ಆಗಾಗ ‘ಇನ್ನೂ ನೋಡುತ್ತಿದ್ದೀರಾ’ ಎಂಬ ಪ್ರಶ್ನೆ ಬರುತ್ತದೆ. ಹೊಸ ರೂಟರಿನ ಫೈರ್‌ವಾಲ್ ಆ ಪ್ರಶ್ನೆಯನ್ನು ತಡೆದರೆ ಬಾಕ್ಸಿಗೆ ಅದು ಕೇಳಿಸುವುದಿಲ್ಲ, ಉತ್ತರ ಹೋಗುವುದಿಲ್ಲ, ಕೇಂದ್ರ ಚಾನೆಲ್ ನಿಲ್ಲಿಸುತ್ತದೆ. ಐಜಿಎಂಪಿಯ ಮೂಲ ಲೆಕ್ಕದಲ್ಲಿ ಈ ಗಡುವು 260 ಸೆಕೆಂಡು. ಟಿವಿ ಚೆನ್ನಾಗಿ ಬಂದು ನಾಲ್ಕು ನಿಮಿಷದ ಸುಮಾರಿಗೆ ಚಿತ್ರ ಹೆಪ್ಪುಗಟ್ಟಿ, ಚಾನೆಲ್ ಬದಲಿಸಿದರೆ ಮತ್ತೆ ಬಂದು, ಮತ್ತೆ ಅಷ್ಟೇ ಹೊತ್ತಿಗೆ ನಿಂತರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಇದಕ್ಕೆ ಆ ಪ್ರಶ್ನೆ, ಉತ್ತರಗಳನ್ನು ಎರಡೂ ಕಡೆ ದಾಟಿಸುವ ಐಜಿಎಂಪಿ ಪ್ರಾಕ್ಸಿ ಸರಿಯಾಗಿರುವ ರೂಟರ್ ಬೇಕು. ಜೊತೆಗೆ ಕೇಳಿದ ಸಾಧನಕ್ಕೆ ಮಾತ್ರ ಚಾನೆಲ್ ಕಳಿಸುವ ಐಜಿಎಂಪಿ ಸ್ನೂಪಿಂಗ್ ಇಲ್ಲದಿದ್ದರೆ ಟಿವಿಗೆಂದು ಬಂದ ಪ್ರವಾಹ ವೈಫೈಗೂ ನುಗ್ಗುತ್ತದೆ. ವೈಫೈ ಅಂಥ ಸಾಮೂಹಿಕ ಸಂದೇಶಗಳನ್ನು ಅತಿ ಕಡಿಮೆ ವೇಗದಲ್ಲಿ ಕಳಿಸುವುದರಿಂದ ಒಂದು ಚಾನೆಲ್ ಸಾಕು, ಮನೆಮಂದಿಯ ಮೊಬೈಲ್‌ಗಳೆಲ್ಲ ತೆವಳತೊಡಗುತ್ತವೆ.

ಇಷ್ಟು ತೊಡಕಿದ್ದರೆ ಬದಲಾಯಿಸುವುದೇ ಬೇಡವಲ್ಲ ಎನ್ನುವುದು ಮೊದಲ ಆಕ್ಷೇಪ. ಟಿವಿ ಫೈಬರ್‌ನಲ್ಲಿ ಬರುವ ಮನೆಯಲ್ಲಿ ನಡುವಿನ ಯಂತ್ರವನ್ನು ಬದಲಾಯಿಸುವುದು ಬೇಡ ಎಂದೇ ನಾನೂ ಹೇಳುತ್ತೇನೆ. ಸೆಟ್‌ಟಾಪ್ ಬಾಕ್ಸನ್ನು ಕಂಪನಿಯ ಪೆಟ್ಟಿಗೆಗೇ ಕೇಬಲ್‌ನಿಂದ ಜೋಡಿಸಿ, ಆ ಪೆಟ್ಟಿಗೆಯ ವೈಫೈ ಮಾತ್ರ ಆಫ್ ಮಾಡಿ, ನಮ್ಮದನ್ನು ರೂಟರ್ ಕೆಲಸ ಬಿಟ್ಟು ವೈಫೈ ಮಾತ್ರ ಕೊಡುವ ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಇಟ್ಟರೆ ಟಿವಿ, ಫೋನು ಯಾವುದಕ್ಕೂ ಧಕ್ಕೆಯಿಲ್ಲ. ಹೀಗೆ ಮಾಡಿದರೆ ಎರಡು ರೂಟರ್‌ಗಳು ಒಂದರ ಹಿಂದೊಂದು ನಿಂತು ಸಿಸಿಟಿವಿ, ಆನ್‌ಲೈನ್ ಆಟಗಳನ್ನು ಕಾಡುವ ತಾಪತ್ರಯವೂ ಇಲ್ಲ. ಫೈಬರ್ ಟಿವಿ ಇಲ್ಲದ ಮನೆಯವರು ಒಂದು ಹೆಜ್ಜೆ ಮುಂದೆ ಹೋಗಿ ಒಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಬೆಳಕನ್ನು ಬದಲಿಸುವುದಷ್ಟೇ ಮಾಡುವಂತೆ) ಹಾಕಿಸಿ, ಪಿಪಿಪಿಒಇ ಲಾಗಿನ್ ಇರುವ ಕಡೆ ಅದನ್ನು ತಮ್ಮ ರೂಟರಿನಲ್ಲೇ ತುಂಬಬಹುದು. ಆಗ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 1492 ಇರಬೇಕೆಂಬುದನ್ನು ಮರೆಯಬಾರದು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಕಂಪನಿಯ ಪೆಟ್ಟಿಗೆಗೆ ಕಂಪನಿಯೇ ದೂರದಿಂದ ಸಾಫ್ಟ್‌ವೇರ್ ಹೊಸದು ಮಾಡುತ್ತದೆ, ಅಂಗಡಿಯಿಂದ ತಂದದ್ದನ್ನು ಯಾರೂ ನೋಡಿಕೊಳ್ಳುವುದಿಲ್ಲ ಎನ್ನುವುದು. ಇದರಲ್ಲಿ ಸತ್ಯವಿದೆ. ಅಪ್‌ಡೇಟ್ ಕಡೆ ತಿರುಗಿಯೂ ನೋಡದವರು ತಾನಾಗಿ ಅಪ್‌ಡೇಟ್ ಆಗುವ ರೂಟರನ್ನೇ ಕೊಳ್ಳಬೇಕು, ಇಲ್ಲವಾದರೆ ಕಂಪನಿಯದನ್ನೇ ಇಟ್ಟುಕೊಳ್ಳುವುದು ಕ್ಷೇಮ. ಆದರೆ ದೂರದ ಆ ಕೈಯೇ ಅಪಾಯದ ದಾರಿಯೂ ಹೌದು. 2016ರ ನವೆಂಬರ್ ಕೊನೆಯಲ್ಲಿ ಜರ್ಮನಿಯಲ್ಲಿ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ರೂಟರ್‌ಗಳು ಕೆಲಸ ನಿಲ್ಲಿಸಿದವು. ಮಿರಾಯ್ ಎಂಬ ದುಷ್ಟ ತಂತ್ರಾಂಶದ ಒಂದು ರೂಪ ಹುಡುಕಿಕೊಂಡು ಬಂದದ್ದು ದೂರನಿರ್ವಹಣೆಗೆಂದು ತೆರೆದಿಡುವ 7547 ಸಂಖ್ಯೆಯ ಪೋರ್ಟಿಗೆ. ಒಂದೇ ಬಗೆಯ ಪೆಟ್ಟಿಗೆ ಲಕ್ಷಾಂತರ ಮನೆಗಳಲ್ಲಿದ್ದರೆ ಒಂದು ಬಿರುಕು ಲಕ್ಷಾಂತರ ಮನೆಗಳ ಬಿರುಕಾಗುತ್ತದೆ.

ಅದೇ ಜರ್ಮನಿ ಅದೇ ವರ್ಷ ಆಗಸ್ಟ್ 1ರಿಂದ ರೂಟರ್ ಆಯ್ಕೆಯ ಹಕ್ಕನ್ನು ಕಾನೂನಾಗಿ ಜಾರಿಗೆ ತಂದಿತ್ತು. ಜಾಲ ಗೋಡೆಯ ಸಾಕೆಟ್ಟಿಗೇ ಮುಗಿಯುತ್ತದೆ, ಅದರಾಚೆಗಿನ ಪೆಟ್ಟಿಗೆ ಗ್ರಾಹಕರ ಇಷ್ಟ ಎಂಬ ಆ ಕಾನೂನು ಒಎನ್‌ಟಿಯನ್ನೂ ಗ್ರಾಹಕರ ಕೈಗೆ ಕೊಡುತ್ತದೆ. ನಾನು ಅಷ್ಟು ದೂರ ಹೋಗಲಾರೆ. ಅಲ್ಲಿ ಅದು ನಡೆಯುವುದು ಕಂಪನಿಗಳು ತಮ್ಮ ಜಾಲದ ತಾಂತ್ರಿಕ ವಿವರಗಳನ್ನು ಪ್ರಕಟಿಸಬೇಕೆಂಬ ಕಟ್ಟುಪಾಡು ಇರುವುದರಿಂದ. ನಮ್ಮಲ್ಲಿ ಗಡಿ ಒಎನ್‌ಟಿಯ ಈಥರ್ನೆಟ್ ಪೋರ್ಟಿನಲ್ಲಿ ಬಿದ್ದರೆ ಸಾಕು. ಬೆಸ್ಕಾಂನ ಹೊಣೆ ಮೀಟರ್‌ವರೆಗೆ, ಅಲ್ಲಿಂದಾಚೆ ಯಾವ ಫ್ಯಾನು, ಯಾವ ಬಲ್ಬು ಎಂಬುದು ಮನೆಯವರ ಇಷ್ಟ ಎಂಬುದನ್ನು ಯಾರೂ ಪ್ರಶ್ನಿಸುವುದಿಲ್ಲವಷ್ಟೆ. ಜರ್ಮನಿಯ ಕಾನೂನಿನಿಂದ ನಾವು ತಪ್ಪದೆ ತೆಗೆದುಕೊಳ್ಳಬೇಕಾದದ್ದು ಅದರ ಇನ್ನೊಂದು ಅಂಶ: ಸಂಪರ್ಕಕ್ಕೆ ಬೇಕಾದ ಲಾಗಿನ್ ಮತ್ತು ವಿವರಗಳನ್ನು ಕಂಪನಿ ಕರಾರಿನ ಹೊತ್ತಿಗೇ, ಗ್ರಾಹಕರು ಕೇಳದೆಯೇ, ಪುಕ್ಕಟೆಯಾಗಿ ಕೊಡಬೇಕು. ನಮ್ಮಲ್ಲಿ ಇದು ಇಂದಿಗೂ ಸ್ಥಳೀಯ ಸಿಬ್ಬಂದಿಯ ಸೌಜನ್ಯಕ್ಕೆ ಬಿಟ್ಟ ವಿಷಯ. ಒಬ್ಬರು ಐದು ನಿಮಿಷದಲ್ಲಿ ಬ್ರಿಡ್ಜ್ ಮಾಡಿಕೊಡುತ್ತಾರೆ, ಇನ್ನೊಬ್ಬರು ಹಾಗೊಂದು ಸೌಲಭ್ಯವೇ ಇಲ್ಲ ಎನ್ನುತ್ತಾರೆ.

ಆದ್ದರಿಂದ ಹೊಸ ಸಂಪರ್ಕ ಪಡೆಯುವವರು ತಂತಿ ಎಳೆಯಲು ಬಂದ ದಿನವೇ ಲಾಗಿನ್ ಹೆಸರು, ಪಾಸ್‌ವರ್ಡ್, ಇಂಟರ್ನೆಟ್ ಮತ್ತು ಟಿವಿಯ ವಿಲ್ಯಾನ್ ಸಂಖ್ಯೆಗಳನ್ನು ಬರೆಸಿಕೊಳ್ಳುವುದು ಒಳ್ಳೆಯದು. ಆಮೇಲೆ ಫೋನಿನಲ್ಲಿ ಕೇಳಿ ಪಡೆಯುವುದು ಬಲು ಕಷ್ಟ. ಹೊಸ ರೂಟರಿಗೆ ಹಳೆಯ ವೈಫೈ ಹೆಸರು, ಹಳೆಯ ಪಾಸ್‌ವರ್ಡನ್ನೇ ಕೊಟ್ಟರೆ ಮನೆಯ ಮೊಬೈಲು, ಟಿವಿ, ಕ್ಯಾಮೆರಾಗಳು ತಾವಾಗಿ ಸೇರಿಕೊಳ್ಳುತ್ತವೆ. ಪೆಟ್ಟಿಗೆ ಎರಡಾದರೆ ಅಡಾಪ್ಟರೂ ಎರಡು. ಕರೆಂಟು ಹೋದಾಗ ರೂಟರ್ ಮಾತ್ರ ಯುಪಿಎಸ್‌ನಲ್ಲಿದ್ದು ಒಎನ್‌ಟಿ ಆರಿದರೆ ವೈಫೈ ಚಿಹ್ನೆ ಕಾಣುತ್ತದೆ, ಇಂಟರ್ನೆಟ್ ಇರುವುದಿಲ್ಲ. ಎರಡರ ಅಡಾಪ್ಟರ್ ಮೇಲೂ 12 ವೋಲ್ಟ್ ಎಂದಿದೆಯೇ, ಎಷ್ಟು ಆಂಪಿಯರ್ ಎಂದಿದೆ ಎಂದು ಓದಿ, ಎರಡನ್ನೂ ಒಟ್ಟಿಗೆ ತಾಳುವ ಮಿನಿ ಯುಪಿಎಸ್ ತನ್ನಿ.