ಮೂವತ್ತೇಳು ಜೀನ್, ಒಂದೇ ಸಾಕ್ಷಿ

ಮೀನೊಂದರ ಮೈಟೊಕಾಂಡ್ರಿಯಾ ಜೀನೋಮನ್ನು ಪೂರ್ತಿ ಓದಿಬಿಟ್ಟರೆ ಅದರ ಗುರುತು ಇತ್ಯರ್ಥವಾಯಿತು ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಸುಮಾರು 16,600 ಬೇಸ್ ಜೋಡಿ, 37 ಜೀನ್, ಒಂದು ಉಂಗುರದ ಚಿತ್ರ, ಒಂದು ವಂಶವೃಕ್ಷ. ಅಲ್ಲಿಗೆ ಪ್ರಬಂಧ ಮುಗಿಯಿತು. ಈ ಕೆಲಸದ ಮೇಲೆ ನನಗೆ ಅಕ್ಕರೆಯಿದೆ. ತಕರಾರು ತೆಗೆಯುತ್ತಿರುವುದೂ ಅದಕ್ಕೇ.

37 ಜೀನ್ ಎಂದರೆ 37 ಸಾಕ್ಷಿಗಳಲ್ಲ. ಈ ಡಿಎನ್‌ಎ ತಾಯಿಯಿಂದ ಮರಿಗೆ ಇಡಿಯಾಗಿ ದಾಟುವಂಥದ್ದು, ಹಾಗಾಗಿ ಎಲ್ಲ ಜೀನ್‌ಗಳೂ ಹೇಳುವುದು ಒಂದೇ ವಂಶದ ಕತೆ. ಒಂದು ಜೀನಿನ ಬದಲು ಇಡೀ ಉಂಗುರವನ್ನು, ಅಂದರೆ ಪೂರ್ತಿ ಮೈಟೊಕಾಂಡ್ರಿಯಾ ಜೀನೋಮನ್ನು, ಓದಿದರೆ ಆ ಕತೆ ಹೆಚ್ಚು ಸ್ಪಷ್ಟವಾಗುತ್ತದೆ, ನಿಜ. ಆದರೆ ತಂದೆಯ ಸುದ್ದಿ ಅದರಲ್ಲಿ ಬರುವುದೇ ಇಲ್ಲ. ಕೆನಡಾದ ಕ್ವಿಬೆಕ್‌ನ ಸರೋವರವೊಂದರ ಬ್ರೂಕ್ ಟ್ರೌಟ್ ಮೀನುಗಳಲ್ಲಿ ಆರ್ಕ್ಟಿಕ್ ಚಾರ್ ಎಂಬ ಬೇರೆ ಪ್ರಭೇದದ ಮೈಟೊಕಾಂಡ್ರಿಯಾ ನೆಲೆಯೂರಿರುವುದು 1995ರಲ್ಲಿ ವರದಿಯಾಯಿತು. ಅದು ಹಳೆಯ ಸಂಕರದ ಉಳಿಕೆ. ಉಂಗುರವನ್ನಷ್ಟೇ ನಂಬಿದವರು ಆ ಟ್ರೌಟನ್ನು ಚಾರ್ ಎಂದೇ ದಾಖಲಿಸುತ್ತಿದ್ದರು.

ನಮ್ಮ ಕಾವೇರಿಯ ಡುಬ್ಬದ ಮಹಶೀರ್ ವಿಷಯಕ್ಕೆ ಬರೋಣ. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಗಿ ದಾಖಲೆ ಬರೆದ ಮೀನಿದು. ಗಾಳ ಹಾಕುವವರೆಲ್ಲ ಬಲ್ಲ ಇದು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಆ ಹೆಸರು 2007ರಿಂದಲೇ ಇತ್ತು, ಕೇರಳದ ಪಾಂಬಾರ್ ಹೊಳೆಯ ಮೀನಿಗೆ ಇಟ್ಟದ್ದು. ಮೊಯಾರ್ ನದಿಯ ಮೀನನ್ನು ಕೈಗೆತ್ತಿಕೊಂಡು, ಬೆನ್ನುರೆಕ್ಕೆಯ ಮುಂದಿನ ಡುಬ್ಬ, ಮೇಲಿನಿಂದಲೂ ಕೆಳಗಿನಿಂದಲೂ ಕಾಣುವ ಕಣ್ಣು ಇವನ್ನೆಲ್ಲ ಡಿಎನ್‌ಎ ಜೊತೆಗಿಟ್ಟು ನೋಡಿದಾಗಲೇ ಗಂಟು ಬಿಚ್ಚಿತು. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ತೀವ್ರ ಅಳಿವಿನಂಚಿನ ಪ್ರಭೇದವಾಗಿ ಸೇರಿತು.

ಇದೇ ಕಾವೇರಿಗೆ ದಶಕಗಳ ಕಾಲ ನೀಲಿರೆಕ್ಕೆಯ ಮಹಶೀರ್‌ನ, ಅಂದರೆ ಟಾರ್ ಖುದ್ರಿಯ, ಮರಿಗಳನ್ನು ತಂದು ಬಿತ್ತಿದ್ದಾರೆ. ಇವೆರಡೂ ಕೂಡಿದರೆ, ತಾಯಿ ರೆಮಾದೇವಿಯಾಗಿದ್ದಲ್ಲಿ, ಮರಿಯ ಮೈಟೊಕಾಂಡ್ರಿಯಾ ಅಪ್ಪಟ ರೆಮಾದೇವಿಯದೇ ಆಗಿರುತ್ತದೆ. ಅಂಥ ಮರಿಯನ್ನು ತಳಿ ಉಳಿಸಲೆಂದು ಆರಿಸಿದರೆ ಆ ತಳಿಯನ್ನೇ ಕಲಬೆರಕೆ ಮಾಡಿದಂತೆ.

ಮೈಟೊಕಾಂಡ್ರಿಯಾ ಡಿಎನ್‌ಎ ಓದಲು ಖರ್ಚು ಕಡಿಮೆ, ಕೋಶವೊಂದರಲ್ಲೇ ನೂರಾರು ಪ್ರತಿ ಸಿಗುತ್ತದೆ, ಹಳೆಯ ಮಾದರಿಯಿಂದಲೂ ಓದಬಹುದು ಎಂಬ ಸಮರ್ಥನೆಯನ್ನು ಒಪ್ಪುತ್ತೇನೆ. ಹೊಳೆಯ ನೀರನ್ನು ಸೋಸಿ, ಕಣ್ಣಿಗೆ ಬೀಳದ ಮೀನಿನ ಇರವನ್ನು ಪತ್ತೆಹಚ್ಚಲು ಈ ಅನುಕ್ರಮಗಳು ಬೇಕೇ ಬೇಕು. ಆದರೆ ಶುದ್ಧ ತಳಿ ಎಂದು ಪ್ರಮಾಣಪತ್ರ ಬರೆಯುವ ಹಕ್ಕು ಅವಕ್ಕಿಲ್ಲ. ಉಂಗುರ ಓದಲು ಕತ್ತರಿಸಿದ ರೆಕ್ಕೆಯ ಚೂರಿನಲ್ಲೇ ನ್ಯೂಕ್ಲಿಯಸ್‌ನ ಡಿಎನ್‌ಎ ಕೂಡ ಇದೆ. ತಳಿಮೀನು ಆರಿಸುವ ಮೊದಲು ಅದನ್ನೂ ಓದಬೇಕು.