ಮಸ್ಕಿಯ ಬಂಡೆ, ಕಲ್ಯಾಣದ ವಚನ

ಸಿಂಧನೂರಿನಿಂದ ಲಿಂಗಸೂಗೂರಿಗೆ ಹೋಗುವ ದಾರಿಯಲ್ಲಿರುವ ಮಸ್ಕಿಯ ಶಾಸನವನ್ನು ತಾವು ಬಲ್ಲಿರಿ. 1915ರಲ್ಲಿ ಬೆಳಕಿಗೆ ಬಂದ ಈ ಬಂಡೆಯಿಂದಲೇ ‘ದೇವಾನಾಂಪ್ರಿಯ’ನು ಅಶೋಕನೆಂಬುದು ಸ್ಥಿರಪಟ್ಟಿತು. ಧರ್ಮನಿಷ್ಠನಾದರೆ ಕಿರಿಯನಿಗೂ ಶ್ರೇಯಸ್ಸು ಸಾಧ್ಯವೆಂಬುದು ಅದರ ತಿರುಳು. ತತ್ತ್ವ ಉದಾತ್ತ, ಬರವಣಿಗೆ ನಿರಾಡಂಬರ. ಆದರೂ ಅದು ಪ್ರಾಕೃತದಲ್ಲಿ ಬರೆಸಿದ ಅರಸನ ಮಾತು. ಅರಸೊತ್ತಿಗೆ ಅಳಿದ ಮೇಲೆ ಲಿಪಿಯನ್ನು ಓದುವವರಿಲ್ಲದೆ ಶತಮಾನಗಳ ಕಾಲ ಮೂಕವಾಯಿತು.

ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರೂ ಕಿರಿಯರ ಶ್ರೇಯಸ್ಸನ್ನೇ ಸಾರಿದರು. ಆದರೆ ಕಲ್ಯಾಣದಲ್ಲಿ ಕಿರಿಯರು ಕೇಳುಗರಾಗಿ ಉಳಿಯಲಿಲ್ಲ. ಲಿಂಗಸೂಗೂರು ಸೀಮೆಯ ಅಮರೇಶ್ವರದವರೆನ್ನಲಾದ ಆಯ್ದಕ್ಕಿ ಲಕ್ಕಮ್ಮ, ಅಗತ್ಯಕ್ಕೆ ಮೀರಿ ಅಕ್ಕಿ ತಂದ ಪತಿಯನ್ನೇ ತಮ್ಮ ಕನ್ನಡದಲ್ಲಿ ಎಚ್ಚರಿಸಿದರು. ರಾಜಾಶ್ರಯ ಹೋದರೂ ಆ ಮಾತು ಉಳಿಯಿತು. ಪ್ರಭುತ್ವವು ತತ್ತ್ವಕ್ಕೆ ಕಲ್ಲನ್ನು ಕೊಡಬಲ್ಲುದು, ನಾಲಗೆಯನ್ನು ಕೊಡಲಾರದು. ವಚನಗಳನ್ನು ಅಮೃತಶಿಲೆಯಲ್ಲಿ ಕೆತ್ತಿಸುವವರು ಮೊದಲು ಅವನ್ನು ಮನೆಯ ಮಕ್ಕಳಿಗೆ ಅರ್ಥಸಹಿತ ಕಲಿಸಲಿ.